ಆಚೆ ಅಂದರೆ ಯಾವ ಕಡೆ

ಹಾರರ್ ಆಟದಲ್ಲಿ ಕೈಗೆ ಬಂದೂಕು ಕೊಟ್ಟ ಕೂಡಲೇ ಹೆದರಿಕೆ ಸತ್ತುಹೋಗ್ತದೆ. ಇದು ನನ್ನ ಅಭಿಪ್ರಾಯ. ಯಾರು ಬೇಕಾದ್ರೂ ಬಂದು ವಾದ ಮಾಡಿ, ನಾನು ಬಿಟ್ಟುಕೊಡುವವನಲ್ಲ. ಬಂದೂಕು ಬಂದ ಮೇಲೆ ಅದು ಹಾರರ್ ಅಲ್ಲ, ಕರೆಂಟು ಹೋದ ಶೂಟರ್ ಅಷ್ಟೆ. ಮತ್ತೆ ಆ ಬಾಗಿಲ ಹಿಂದಿನಿಂದ ದಬಕ್ಕಂತ ಮುಖ ತೋರಿಸಿ ಕಿವಿಗೆ ಕಿರುಚುವುದು ಉಂಟಲ್ಲ, ಅದು ಹೆದರಿಸುವುದಲ್ಲ ಮಾರಾಯ್ರೆ, ಬೆಚ್ಚಿಬೀಳಿಸುವುದು. ಅಷ್ಟು ಕೆಲಸವನ್ನು ನಮ್ಮ ಅಡುಗೆಮನೆಯ ಕುಕ್ಕರೂ ಮಾಡ್ತದೆ. ನಿಜವಾದ ಹೆದರಿಕೆ ಅಂದ್ರೆ ಉದ್ದದ ಒಂದು ಓಣಿ, ಕೊನೆಯಲ್ಲೊಂದು ಬಾಗಿಲು. ನಡೀತಾ ಇದ್ದೀರಿ, ಏನೂ ಆಗುವುದಿಲ್ಲ. ಬಾಗಿಲು ತೆಗೀತೀರಿ, ಆಗ್ಲೂ ಏನೂ ಇಲ್ಲ. ಅಂಥ ಆಟ ಮಾಡುವ ಧೈರ್ಯ ಈಗ ಯಾರಿಗೂ ಇಲ್ಲ.

ಆ್ಯಕ್ಷನ್ ಆಟಗಳ ಸುದ್ದಿ ಕೇಳ್ಲೇಬೇಡಿ. ನಾನು ಆಡುವಾಗ ಇಡೀ ಸೈನ್ಯವನ್ನು ಒಂದು ಪೆಟ್ಟು ತಿನ್ನದೆ ಮುಗಿಸಿರ್ತೇನೆ. ಮುಗಿದ ಕೂಡಲೇ ನನ್ನ ಕೈಯಿಂದ ಕಂಟ್ರೋಲು ಕಿತ್ತುಕೊಂಡು ಒಂದು ಸಿನಿಮಾ ತುಣುಕು ತೋರಿಸ್ತಾರೆ. ಅದರಲ್ಲಿ ಅದೇ ಹೀರೋ ಯಾವನೋ ಬಡಕಲು ಕಾವಲುಗಾರನ ಕೈಗೆ ಸಿಕ್ಕಿಬೀಳ್ತಾನೆ. ಮಂಡೆ ಬೆಚ್ಚ ಆಗ್ತದಾ ಇಲ್ವಾ ನೀವೇ ಹೇಳಿ. ಮತ್ತೆ ಅಂಥ ಎಲ್ಲ ಆಟದಲ್ಲೂ ಒಬ್ಬ ಗೆಳೆಯ ಇರ್ತಾನೆ. ತುಂಬ ನಗಾಡ್ತಾನೆ, ಹೆಗಲ ಮೇಲೆ ಕೈ ಹಾಕ್ತಾನೆ, ಗಾಯ ಆದಾಗ ಪಟ್ಟಿ ಕಟ್ತಾನೆ, ಕೊನೆಗೆ ಕೈ ಕೊಡ್ತಾನೆ. ಅವ ಕೈ ಕೊಡುವ ಸ್ವಲ್ಪ ಮೊದಲು ಹಿಂದಿನ ಸಂಗೀತ ಬದಲಾಗ್ತದೆ, ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ. ಇದು ಕಳಪೆ ಕಥೆ ಅಂತ ನಾನು ಯಾವಾಗ್ಲೂ ಹೇಳ್ತಾ ಬಂದವ. ಈಗ್ಲೂ ಹೇಳ್ತೇನೆ, ಆದ್ರೆ ಕಾರಣ ಬೇರೆ. ನನಗೆ ಕೈ ಕೊಟ್ಟವ ಬರುವಾಗ ಸಂಗೀತ ಗಿಂಗೀತ ಏನೂ ಬದಲಾಗ್ಲಿಲ್ಲ. ಗ್ರೈಂಡರ್ ತಿರುಗ್ತಾ ಇತ್ತು, ಅಷ್ಟೆ.

ನನ್ನ ಹೆಸರು ರಾಜೇಶ. ಕೋಲ್ಕತ್ತಾದ ಬೆಹಾಲಾದಲ್ಲಿ ನಮ್ಮದೊಂದು ಉಡುಪಿ ಹೋಟೆಲ್. ಅಪ್ಪ ಗಣಪಯ್ಯ ಪ್ರಾಯದಲ್ಲಿ ಊರಿಂದ ಬಂದು ಶುರು ಮಾಡಿದ್ದು. ನಾನು ಮತ್ತು ತಂಗಿ ದೀಕ್ಷಾ ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಗಲ್ಲೆಯಲ್ಲಿ ದುಡ್ಡು ತಗೊಳ್ತಾ ಕೂತಾಗ ಬಂಗಾಳಿ, ಸಾಮಾನು ತರ್ಲಿಕ್ಕೆ ಹೋದಾಗ ಹಿಂದಿ, ಮನೆಯಲ್ಲಿ ಉಡುಪಿ ಕಡೆಯ ಕನ್ನಡ. ದೀಕ್ಷಾಗೆ ಕನ್ನಡ ಅರ್ಥ ಆಗ್ತದೆ, ಬಾಯಿಗೆ ಬರುವುದು ಕಮ್ಮಿ. ಹಾಗಾಗಿ ಅಪ್ಪ ಅಮ್ಮನನ್ನು ಬಿಟ್ರೆ ಕನ್ನಡದಲ್ಲಿ ಬೈಲಿಕ್ಕೂ ನನಗೆ ಜನ ಇರ್ಲಿಲ್ಲ.

ಮಧ್ಯಾಹ್ನದ ಊಟ ಮುಗಿದ ಮೇಲೆ ಇಡೀ ಬೆಹಾಲಾ ಮಲಗ್ತದೆ. ಅದಕ್ಕೆ ಇಲ್ಲಿಯವರು 'ಭಾತ್ ಘುಮ್' ಅಂತಾರೆ, ಅನ್ನದ ನಿದ್ದೆ. ನಾವೂ ಷಟರ್ ಅರ್ಧ ಎಳೀತೇವೆ. ಆ ಹೊತ್ತು ನನ್ನದು. ಗಲ್ಲೆ ದಾಟಿದ್ರೆ ಒಂದು ಕೋಣೆ ಉಂಟು, ಅಕ್ಕಿ ಮೂಟೆ, ಉದ್ದಿನ ಡಬ್ಬ, ಮರುದಿನದ ಇಡ್ಲಿಗೆ ತಿರುಗುವ ಗ್ರೈಂಡರ್, ಅದರ ಪಕ್ಕದಲ್ಲಿ ನನ್ನ ಕಂಪ್ಯೂಟರ್. ಅಲ್ಲಿ ಕೂತು ನಾನು 'ಐರನ್ ಮಾನ್ಸೂನ್' ಆಡ್ತಿದ್ದೆ. ಅದೊಂದು ಶೂಟರ್. ಇಬ್ಬಿಬ್ಬರ ಜೋಡಿಗಳನ್ನು ಒಂದು ಹಾಳೂರಿಗೆ ಇಳಿಸ್ತಾರೆ, ಕೊನೆಗೆ ಉಳಿದ ಜೋಡಿ ಗೆದ್ದ ಹಾಗೆ.

ಶೂಟರ್ ಬಗ್ಗೆ ನನ್ನ ಅಭಿಪ್ರಾಯ ಕೇಳಿ. ಜನ ಕಣ್ಣಿನ ಆಟ, ಬೆರಳಿನ ಆಟ ಅಂತಾರೆ. ಸುಳ್ಳು. ಅದು ಕಿವಿಯ ಆಟ. ಹುಲ್ಲಿನ ಮೇಲಿನ ಹೆಜ್ಜೆ ಬೇರೆ, ಹಲಗೆ ಮೇಲಿನದು ಬೇರೆ, ಸಿಮೆಂಟಿನದು ಬೇರೆ. ಗ್ರೈಂಡರ್ ಸದ್ದಿನ ನಡುವೆ ಇವನ್ನೆಲ್ಲ ಬೇರೆ ಮಾಡಿ ಕೇಳಿ ಪಳಗಿದ ಕಿವಿ ನನ್ನದು. ಬಂದೂಕಿಗೆ ಗುಲಾಬಿ ಬಣ್ಣ ಬಳಿದು ಮಾರ್ತಾರಲ್ಲ, ಅದನ್ನು ತಗೊಳ್ಳುವವರನ್ನು ಕಂಡ್ರೆ ನನಗೆ ಆಗುವುದಿಲ್ಲ. ಸಾಂಬಾರು ನೀರು ನೀರು ಇಟ್ಟುಕೊಂಡು ಮೆನು ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುವ ಹೋಟೆಲಿನವರ ಬುದ್ಧಿ ಅದು. ಬಣ್ಣ ಇಲ್ಲದ ಬಂದೂಕಿನಲ್ಲಿ ನಾನು ಸುತ್ತಮುತ್ತಲಿನ ಹುಡುಗರನ್ನೆಲ್ಲ ಮುಗಿಸ್ತಿದ್ದೆ. ಮೈಕಿನಲ್ಲಿ ಗ್ರೈಂಡರಿನ ಸದ್ದು ಹೋಗ್ತಿದ್ದ ಕಾರಣ ಅವರು ನನಗೆ 'ಗ್ರೈಂಡರ್ ದಾದಾ', ಅಂದ್ರೆ ಗ್ರೈಂಡರ್ ಅಣ್ಣ, ಅಂತ ಹೆಸರಿಟ್ಟಿದ್ರು. ನನಗೆ ಒಳಗೊಳಗೇ ಖುಷಿ ಇತ್ತು, ಯಾಕೆ ಸುಳ್ಳು ಹೇಳುವುದು.

ಧ್ರುವ ಬಂದದ್ದು ಒಂದು ಬೇಸಗೆಯಲ್ಲಿ. ಬೆಂಗಳೂರಿನವ, ಸಾಲ್ಟ್ ಲೇಕಿನ ಯಾವುದೋ ಕಂಪನಿಯಲ್ಲಿ ಕೆಲಸ, ಬೆಹಾಲಾದಲ್ಲಿ ಬಾಡಿಗೆ ಕೋಣೆ. ಊಟ ಮುಗಿಸಿ ಕೈ ತೊಳೀತಾ ಇದ್ದಾಗ ಒಳಗಿಂದ ನಾನು ನನ್ನಷ್ಟಕ್ಕೇ ಕನ್ನಡದಲ್ಲಿ ಬೈಯುವುದು ಕೇಳಿತಂತೆ. ಅಮ್ಮನ ಹತ್ರ, "ಆಂಟಿ, ಒಳಗೆ ಯಾರು ಗೇಮ್ ಆಡ್ತಿರೋದು? ನಾನೂ ಆಡ್ತೀನಿ, ನೋಡ್ಬೋದಾ?" ಅಂತ ಕೇಳಿದ. ಅಮ್ಮ ರತ್ನಾವತಿಗೆ ಕನ್ನಡದ ಹುಡುಗ ಅಂದ್ರೆ ಸಾಕು. "ಅದಕ್ಕೆಂತ, ಆಚೆ ಹೋಗಿ ಕೂತ್ಕೊಳ್ಳಿ, ಮಗ ಉಂಟು," ಅಂದಳು.

ಇವ ಸೀದಾ ಹೊರಗೆ ಹೋಗಿ ಬಿಸಿಲಲ್ಲಿ ನಿಂತ.

ಅಮ್ಮ ಕಾಫಿ ತಂದು ನೋಡಿದ್ರೆ ಕೋಣೆಯಲ್ಲಿ ನಾನೊಬ್ಬನೇ. ಷಟರ್ ಕೆಳಗೆ ಬಗ್ಗಿ ನೋಡಿದ್ರೆ ಫುಟ್‌ಪಾತಿನಲ್ಲಿ ಕರವಸ್ತ್ರ ತಲೆಗೆ ಹಾಕಿ ಬೆವರ್ತಾ ಇದ್ದಾನೆ. "ಅಯ್ಯೋ ದೇವರೇ, ಬಿಸಿಲಲ್ಲಿ ಎಂತಕ್ಕೆ ನಿಂತದ್ದು ನೀವು?" "ನೀವೇ ಆಚೆ ಹೋಗಿ ಅಂದ್ರಲ್ಲ ಆಂಟಿ!" ನಮ್ಮಲ್ಲಿ ಆಚೆ ಅಂದ್ರೆ ಆ ಬದಿ, ಆ ಪಕ್ಕದ ಕೋಣೆ. ಬೆಂಗಳೂರಿನಲ್ಲಿ ಆಚೆ ಅಂದ್ರೆ ಹೊರಗೆ, ಬೀದಿಗೆ. ಅದು ಗೊತ್ತಾದಾಗ ಅಮ್ಮ ಸೆರಗು ಬಾಯಿಗೆ ಇಟ್ಟು ನಕ್ಕದ್ದೇ ನಕ್ಕದ್ದು. ಧ್ರುವನೂ ನಕ್ಕ. ದೀಕ್ಷಾ ಹೇಳಿದಳು, ಇಲ್ಲಿ ಅದಕ್ಕೆ ಮೂರನೇ ಅರ್ಥವೂ ಉಂಟು, ಬಂಗಾಳಿಯಲ್ಲಿ 'ಆಛೆ' ಅಂದ್ರೆ 'ಉಂಟು' ಅಂತ. ದೋಸಾ ಆಛೆ? ಆಛೆ. ಅವತ್ತಿಡೀ ಅದೇ ಕುಶಾಲು.

ಆಮೇಲೆ ದಿನಾ ಬರ್ಲಿಕ್ಕೆ ಶುರು ಮಾಡಿದ. ಮನೆಯಿಂದಲೇ ಕೆಲಸ ಇದ್ದ ದಿನ ಲ್ಯಾಪ್‌ಟಾಪ್ ತಂದು ಕೋಣೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರ್ತಿದ್ದ. ಅದರ ಒಂದು ಕೈ ಮುರಿದಿತ್ತು, ಅಕ್ಕಿ ಮೂಟೆಗೆ ಒರಗಿಸಿ ಇಡ್ಬೇಕು. ಕಾಫಿಗೆ ಸಕ್ಕರೆ ಬೇಡ ಅವನಿಗೆ. "ಸಕ್ಕರೆ ಇಲ್ಲದ ಕಾಫಿ ಯಾರಾದ್ರೂ ಕುಡೀತಾರಾ, ಕಷಾಯ ಅದು," ಅಂತ ಅಮ್ಮ ದಿನಾ ಹೇಳ್ತಿದ್ದಳು, ದಿನಾ ಸಕ್ಕರೆ ಹಾಕದೆ ಕೊಡ್ತಿದ್ದಳು. ಅವ ನನ್ನನ್ನು 'ಮಗಾ' ಅಂತ ಕರೀತಿದ್ದ. ಅಪ್ಪನಿಗೆ ಅದು ತಲೆಗೇ ಹೋಗ್ಲಿಲ್ಲ. "ಅವನ ಪ್ರಾಯ ಎಷ್ಟು, ನಿನ್ನನ್ನು ಮಗ ಅಂತಾನಲ್ಲ?" ಅಂತ ನನ್ನ ಹತ್ರ ಗುಟ್ಟಿನಲ್ಲಿ ಕೇಳಿದ್ದ.

ಅಭಿಪ್ರಾಯದಲ್ಲಿ ನಾವಿಬ್ಬರೂ ಎಣ್ಣೆ ಸೀಗೆಕಾಯಿ. ಅವನಿಗೆ ಒಂದು ಚಾನೆಲ್ ಇತ್ತು, ಕನ್ನಡದಲ್ಲಿ ಆಟ ಆಡಿ ತೋರಿಸುವುದು. ಹಾರರ್ ಆಟ ಹಾಕಿ ಬೇಕಂತ ಕಿರುಚ್ತಿದ್ದ. ಮುಖ ಬರ್ತದೆ ಅಂತ ಅವನಿಗೆ ಮೊದಲೇ ಗೊತ್ತಿರ್ತಿತ್ತು, ಆದ್ರೂ ಕುರ್ಚಿಯಿಂದ ಹಾರಿ ಬೀಳ್ತಿದ್ದ. "ಎಂತ ನಾಟಕ ಮಾರಾಯ ಇದು," ಅಂತ ನಾನು ಬೈದ್ರೆ, "ನಾನು ಕಿರುಚಿದ್ರೇನೇ ಜನ ನೋಡೋದು ಗುರು. ನಿನ್ ಥರ ಸುಮ್ನೆ ಓಣೀಲಿ ನಡ್ಕೊಂಡ್ ಹೋದ್ರೆ ನಮ್ಮಮ್ಮನೂ ನೋಡಲ್ಲ," ಅಂತಿದ್ದ. ಆಗ ಅದು ತಮಾಷೆ ಅಂದುಕೊಂಡಿದ್ದೆ. ಅದು ಅವನ ಅಭಿಪ್ರಾಯ ಅಂತ ಈಗ ಗೊತ್ತಾಗ್ತದೆ.

ಆದ್ರೆ ಶೂಟರಿನಲ್ಲಿ ನಮ್ಮಂಥ ಜೋಡಿ ಇನ್ನೊಂದಿರ್ಲಿಲ್ಲ. ಕಾರಣ ನಮ್ಮ ಅಪ್ಪ ಅಂದ್ರೆ ನಂಬ್ತೀರಾ? ಅಪ್ಪ ಈಗ್ಲೂ ಬೆಹಾಲಾದಲ್ಲಿ ದಾರಿ ಹೇಳುವುದು ಮೂಡು, ಪಡು, ತೆಂಕು, ಬಡಗು ಅಂತ್ಲೇ. "ಬಸ್ಸಿಳಿದು ಬಡಗು ಬದಿಗೆ ಬಾ" ಅಂದ್ರೆ ಉತ್ತರಕ್ಕೆ. ಪಡು ಅಂದ್ರೆ ಪಶ್ಚಿಮ, ಊರಲ್ಲಿ ಸಮುದ್ರದ ಬದಿ. ಇಲ್ಲಿ ಹೂಗ್ಲಿ ನದಿ ಇರುವುದೂ ಪಡುವಿಗೆ, ಹಾಗಾಗಿ ಅಪ್ಪನಿಗೆ ಲೆಕ್ಕ ತಪ್ಪಲೇ ಇಲ್ಲ. ನಾನು ಅದನ್ನು ಆಟಕ್ಕೆ ತಂದೆ. "ಪಡು ಬದಿ ಇಬ್ಬರು, ಬಡಗು ಮಾಡಿನ ಮೇಲೆ ಒಬ್ಬ!" ಮಾಡು ಅಂದ್ರೆ ಛಾವಣಿ. ಆಟದಲ್ಲಿ ಹತ್ತಿರ ಬಂದವರಿಗೆ ನಮ್ಮ ಮಾತು ಕೇಳ್ತದೆ. ಬಂಗಾಳಿ, ಹಿಂದಿಯವರು ಬಿಡಿ, ಕನ್ನಡ ಗೊತ್ತಿದ್ದವರಿಗೂ ಮಂಡೆಗೆ ಹೋಗ್ತಿರ್ಲಿಲ್ಲ. ಧ್ರುವ ಪಾಪ ಕಷ್ಟಪಟ್ಟು ಕಲಿತ. ಅಪ್ಪನೇ ಅವನನ್ನು ತಾರಸಿಗೆ ಕರ್ಕೊಂಡು ಹೋಗಿ ನಾಲ್ಕು ದಿಕ್ಕಿಗೂ ಕೈ ತೋರಿಸಿ ಕಲಿಸಿದ್ದು.

ಒಂದೇ ಶಬ್ದದಲ್ಲಿ ನಾವು ಎಡವ್ತಿದ್ದೆವು. ಆಚೆ. ಅವ ಗಡಿಬಿಡಿಯಲ್ಲಿ "ಆಚೆ ಇದಾನೆ" ಅಂತಿದ್ದ, ಮನೆ ಹೊರಗೆ ಅನ್ನುವ ಅರ್ಥದಲ್ಲಿ. ನಾನು ಆ ಬದಿಯ ಕೋಣೆಗೆ ತಿರುಗ್ತಿದ್ದೆ. ಎರಡು ಸಲ ಸತ್ತ ಮೇಲೆ ಕೂತು ಮಾತಾಡಿ ತೀರ್ಮಾನ ಮಾಡಿದೆವು: ಆಟದೊಳಗೆ ಆ ಶಬ್ದವೇ ಬೇಡ. ಹೊರಗಿದ್ರೆ 'ಹೊರಗೆ'. ಅದು ಉಡುಪಿಯಲ್ಲೂ ಅದೇ, ಬೆಂಗಳೂರಲ್ಲೂ ಅದೇ. ಧ್ರುವ ಎದೆ ಮುಟ್ಟಿಕೊಂಡು, "ನಮ್ಮಮ್ಮನಾಣೆ ಮಗಾ, ಆಚೆ ಅನ್ನಲ್ಲ. ಹೊರಗೆ, ಹೊರಗೆ, ಹೊರಗೆ," ಅಂತ ಬಾಯಿಪಾಠ ಮಾಡಿದ. ಅಮ್ಮ ಕಾಫಿ ಕೊಡುವಾಗ ಕೇಳಿ ಮತ್ತೆ ನಕ್ಕಳು.

ಆ ವರ್ಷ ಪಾರ್ಕ್ ಸ್ಟ್ರೀಟಿನ ಹತ್ತಿರದ ಒಂದು ಸಭಾಂಗಣದಲ್ಲಿ ದೊಡ್ಡ ಪಂದ್ಯ ಇಟ್ಟಿದ್ರು. ಪೂರ್ವ ಭಾರತದ ಎಲ್ಲ ಕಡೆಯಿಂದ ಜೋಡಿಗಳು. ಗೆದ್ದವರನ್ನು ಒಂದು ತಂಡ ಸೇರಿಸಿಕೊಳ್ತದೆ ಅಂತ ಇತ್ತು. ಆ ಆಸೆ ನನಗೂ ಇತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ದೊಡ್ಡ ಆಸೆ ಬೇರೆಯೇ. ಅಷ್ಟು ಜನರ ಎದುರು ನನ್ನ ಕಿವಿ ಎಂಥದ್ದು ಅಂತ ತೋರಿಸ್ಬೇಕಿತ್ತು. ಹೋಟೆಲಿನ ಕೋಣೆಯಲ್ಲಿ ಕೂತು ಇವ ಆಡುವುದು ಬರೀ ಠುಸ್ ಠುಸ್ ಅಲ್ಲ ಅಂತ ಅಪ್ಪನಿಗೂ ಗೊತ್ತಾಗ್ಬೇಕಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ.

ನಾವು ಕೊನೆಯ ಆಟದವರೆಗೂ ಬಂದೆವು. ಕೊನೆಯಲ್ಲಿ ಉಳಿದದ್ದು ನಾವಿಬ್ಬರು, ಎದುರಿನ ಜೋಡಿಯಲ್ಲಿ ಒಬ್ಬ. ಧ್ರುವ ಎದುರು ಕಟ್ಟಡದ ಮಾಡಿನ ಮೇಲೆ, ಗುಂಡು ಖಾಲಿ, ನೋಡ್ಲಿಕ್ಕೆ ಮಾತ್ರ ಸಾಧ್ಯ. ನಾನು ಒಂದು ಹಳೇ ಮನೆಯೊಳಗೆ. ಎರಡು ಕೋಣೆ, ನಡುವೆ ಬಾಗಿಲು, ನನ್ನ ಎದುರು ಕಿಟಕಿ, ಕಿಟಕಿಯ ಹೊರಗೆ ಹುಲ್ಲು. ಹುಲ್ಲಿನ ಮೇಲೆ ಹೆಜ್ಜೆ ಕೇಳಿತು. ಸ್ಪಷ್ಟ ಕೇಳಿತು ಮಾರಾಯ್ರೆ, ಪಡು ಗೋಡೆಯ ಹೊರಬದಿಯಲ್ಲಿ, ಕಿಟಕಿಯ ಹತ್ತಿರ. ಬಂದೂಕನ್ನು ಕಿಟಕಿಗೇ ಹಿಡಿದು ಕೂತೆ. ತಲೆ ಕಂಡ್ರೆ ಮುಗೀತು.

ಆಗ ಕಿವಿಯೊಳಗೆ ಧ್ರುವ ಕೂಗಿದ. "ಆಚೆ! ಆಚೆ ಇದಾನೆ ಮಗಾ! ಆಚೆ!"

ನಾನು ಕಿಟಕಿಗೆ ಬೆನ್ನು ಹಾಕಿ ಆ ಬದಿಯ ಕೋಣೆಗೆ ತಿರುಗಿದೆ. ನನ್ನ ಸ್ವಂತ ಕಿವಿ ಹೇಳಿದ್ದನ್ನು ಬಿಟ್ಟು ತಿರುಗಿದೆ. ಮೇಲೆ ಕೂತು ನೋಡ್ತಾ ಇರುವವ ಗೆಳೆಯ, ಅವ ಸುಳ್ಳು ಹೇಳ್ತಾನಾ? ಗುಂಡು ಕಿಟಕಿಯಿಂದ ಬಂದು ಬೆನ್ನಿಗೆ ಹೊಡೀತು. ಸಭಾಂಗಣ ಇಡೀ ಎದ್ದು ಕೂಗಿತು, ನಮಗಲ್ಲ.

ಗಡಿಬಿಡಿಯಲ್ಲಿ ಬಾಯಿಗೆ ಮನೆಯ ಶಬ್ದ ಬರ್ತದೆ. ಅದು ನನಗೆ ಅರ್ಥ ಆಗ್ತದೆ. ಅವತ್ತು ನನಗೆ ಸಿಟ್ಟೂ ಬರ್ಲಿಲ್ಲ, ದೇವರಾಣೆ. ಹೆಡ್‌ಫೋನ್ ತೆಗೆದು ಅವನ ಬೆನ್ನಿಗೆ ತಟ್ಟಿ, "ಹೋಗ್ಲಿ ಬಿಡು, ಬರುವ ವರ್ಷ ಉಂಟಲ್ಲ," ಅಂದೆ. ಅವ ತಲೆ ತಗ್ಗಿಸಿ ಕೂತಿದ್ದ. ಅಪ್ಪ ವಾಪಸ್ ಬಂದು ಬೆಹಾಲಾದಲ್ಲಿ ಬಸ್ಸಿಳಿದ ಮೇಲೆ, "ಲಾಯ್ಕ್ ಆಡಿದಿ," ಅಂದ. ಅದೇ ದೊಡ್ಡದು ನನಗೆ.

ಆಮೇಲೆ ಕೆಲವು ದಿನ ಧ್ರುವ ಬರ್ಲಿಲ್ಲ. ಬೇಜಾರಿರ್ಬೇಕು ಅಂದುಕೊಂಡೆ. ಆಗ ದೀಕ್ಷಾ ಕಾಲೇಜಿಂದ ಬಂದವಳು ಬ್ಯಾಗೂ ಇಳಿಸದೆ ಫೋನು ನನ್ನ ಕೈಗೆ ಕೊಟ್ಟಳು. "ಅಣ್ಣ, ನೀನು ವೈರಲ್ ಆಗಿದ್ದಿ. ಬಟ್ ಇದು ನೋಡಿ ನೀನು ನಗುವುದಿಲ್ಲ."

ಅವನ ಚಾನೆಲಿನ ವಿಡಿಯೋ. ಅವ ಕೂಗುವುದು, ನಾನು ತಿರುಗುವುದು, ಬೆನ್ನಿಗೆ ಗುಂಡು. ಅದನ್ನೇ ಮತ್ತೆ ಮತ್ತೆ ತೋರಿಸಿ ಹಿಂದೆ ಕತ್ತೆ ಕೂಗಿನ ಸದ್ದು. ಆಮೇಲೆ ಧ್ರುವನ ಮುಖ, ಹಣೆ ಚಚ್ಚಿಕೊಳ್ತಾ, "ಆಚೆ ಅಂತೀನಿ, ಒಳಗ್ ನೋಡ್ತಾನೆ ಗುರು! ಇಡ್ಲಿ ಹಿಟ್ಟು ಕಿವಿಗೆ ಹೋಗಿದೆ ಇವ್ನಿಗೆ! ಕಲ್ಕತ್ತಾದಲ್ಲಿದ್ದು ಕನ್ನಡಾನೇ ಮರ್ತೋಗಿದಾನೆ! ಆಚೆ ಅಂದ್ರೆ ಆಚೆ ಮಗಾ!" ಕೆಳಗೆ ಸಾವಿರಾರು ಜನ ನಗ್ತಾ ಇದ್ರು. ಕಿವುಡ, ಕನ್ನಡ ಬಾರದವ, ಇವನನ್ನು ಹೋಟೆಲಲ್ಲೇ ಬಿಡಿ ಅಂತ ಬಾಯಿಗೆ ಬಂದ ಹಾಗೆ ಬರೆದಿದ್ರು.

ನನಗೆ ಸೋತದ್ದಕ್ಕೆ ಉರಿಯಲಿಲ್ಲ. ಅವನಿಗೆ ಗೊತ್ತಿತ್ತಲ್ಲ! ನಮ್ಮ ಮನೆಯಲ್ಲಿ ಆಚೆ ಅಂದ್ರೆ ಏನು ಅಂತ ಮೊದಲನೇ ದಿನವೇ ಬಿಸಿಲಲ್ಲಿ ನಿಂತು ಕಲಿತವ ಅವ. ಆ ಶಬ್ದ ಬೇಡ ಅಂತ ಅಮ್ಮನ ಆಣೆ ಹಾಕಿದವ ಅವ. ತಪ್ಪು ಶಬ್ದ ಹೇಳಿದ್ದು ಅವ, ಕಿವುಡ ಆದದ್ದು ನಾನು.

ಫೋನ್ ಮಾಡಿದೆ. "ಕಂಟೆಂಟ್ ಮಗಾ ಅದು, ಪರ್ಸನಲ್ಲಾಗಿ ತಗೋಬೇಡ," ಅಂದ. "ನಾವು ಶಬ್ದ ತೀರ್ಮಾನ ಮಾಡಿದ್ದು ಅದರಲ್ಲಿ ಇಲ್ಲ ಯಾಕೆ?" ಅಂದೆ. "ಅದನ್ನೆಲ್ಲ ಎಕ್ಸ್‌ಪ್ಲೇನ್ ಮಾಡ್ತಾ ಕೂತ್ರೆ ಯಾರ್ ನೋಡ್ತಾರೆ?" ಅಂದ. ಆ ವಿಡಿಯೋದಿಂದ ಅವನಿಗೆ ಒಂದು ತಂಡ ಸಿಕ್ಕಿತ್ತು. ಪಾರ್ಕ್ ಸ್ಟ್ರೀಟಿನಲ್ಲಿ ಅವರ ಆಫೀಸಂತೆ, ದೆಹಲಿಯ ಅಮಿತ್ ಅನ್ನುವವನ ಜೊತೆ ಹೊಸ ಜೋಡಿಯಂತೆ. ಅದನ್ನು ನನಗೆ ಖುಷಿಯಲ್ಲೇ ಹೇಳಿದ, ನಾನೂ ಖುಷಿ ಪಡ್ತೇನೆ ಅಂದುಕೊಂಡು. ನಾನು ಫೋನ್ ಇಟ್ಟೆ.

ಆಮೇಲೆ ನಾನು ಆಡ್ಲಿಕ್ಕೆ ಕೂತ್ರೆ ಸಾಕು, ಎದುರಿನವರು ಮೈಕಿನಲ್ಲಿ "ಆಚೆ! ಆಚೆ!" ಅಂತ ಬೊಬ್ಬೆ ಹಾಕ್ಲಿಕ್ಕೆ ಶುರು. ಗ್ರೈಂಡರ್ ದಾದಾ ಹೋಗಿ 'ಆಚೆ ದಾದಾ' ಆಯ್ತು. ಬಂಗಾಳಿ ಹುಡುಗರಿಗೆ ಅರ್ಥ ಗೊತ್ತಿಲ್ಲ, ಅವರಿಗೆ ಅದು "ಉಂಟು, ಉಂಟು" ಅಂತ ಕೇಳ್ತದೆ, ಅದಕ್ಕೇ ಇನ್ನೂ ನಗು. ಗಾರ್ಡನ್ ರೀಚಿನಲ್ಲಿ ಕನ್ನಡದವರ ಮನೆಯೊಂದರ ಗೃಹಪ್ರವೇಶಕ್ಕೆ ನಾವು ಊಟ ಕೊಂಡುಹೋಗಿದ್ದೆವು. ನಾನು ಪಂಕ್ತಿಯಲ್ಲಿ ಸಾರು ಬಡಿಸ್ತಾ ಬಂದೆ. ಒಬ್ಬ ಹುಡುಗಿ ನನ್ನ ಮುಖ ನೋಡಿ ಪಕ್ಕದವಳಿಗೆ ಏನೋ ಪಿಸುಗುಟ್ಟಿದಳು. ಆಮೇಲೆ ಪಂಕ್ತಿಯ ತುದಿಯಿಂದ ಯಾರೋ, "ಸಾರು ಆಚೆ ಬಡಿಸಿ ಅಣ್ಣಾ, ಆಚೆ!" ಅಂದ್ರು. ದೊಡ್ಡವರೂ ನಕ್ಕರು. ಅಪ್ಪ ಅನ್ನದ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದ. ವಾಪಸ್ ಬರುವಾಗ ಕೇಳಿದ, "ನಾವು ಮಾತಾಡುವುದು ಕನ್ನಡ ಅಲ್ವಾ ಹಾಗಾದ್ರೆ?" ಆವತ್ತು ರಿಕ್ಷಾದಲ್ಲಿ ಕೂತು ನಾನು ಧ್ರುವನಿಗೆ ಕೊಡದ ಬೈಗುಳ ಇಲ್ಲ, ಎಲ್ಲ ಬಾಯೊಳಗೇ.

ಅತಿ ದೊಡ್ಡ ಉಪದ್ರ ಯಾವುದು ಗೊತ್ತುಂಟಾ? ಈ ಊರಲ್ಲಿ ಆ ಶಬ್ದದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಬೆಳಿಗ್ಗೆ ಗಲ್ಲೆಯಲ್ಲಿ ಕೂತ್ರೆ ಇಡ್ಲಿ ಆಛೆ? ವಡಾ ಆಛೆ? ಚಿಲ್ಲರೆ ಆಛೆ? ಪಾಪ, ಅವರು ಕೇಳುವುದು ಉಂಟಾ ಅಂತ. ಪ್ರತಿ ಸಲ ನನಗೆ ಬೆನ್ನಿಗೆ ಗುಂಡು ಬಿದ್ದ ಹಾಗೆ ಆಗ್ತಿತ್ತು. ಹುಟ್ಟಿದಾಗಿಂದ ಕೇಳಿದ ಶಬ್ದ, ಒಬ್ಬ ಬಂದು ಹಾಳು ಮಾಡಿ ಹೋದ. ಕಂಪ್ಯೂಟರಿಗೆ ಬಟ್ಟೆ ಮುಚ್ಚಿದೆ. ಮಧ್ಯಾಹ್ನ ನಾನೂ ಬೆಹಾಲಾದವರ ಹಾಗೆ ಅನ್ನ ಉಂಡು ಮಲಗ್ಲಿಕ್ಕೆ ಕಲಿತೆ.

ನನಗೆ ಬೇಕಾದ್ದು ಒಂದೇ. ಅದೇ ಚಾನೆಲಿನಲ್ಲಿ, ಅದೇ ಮುಖ ಇಟ್ಟುಕೊಂಡು, ಅವ ಒಂದು ಮಾತು ಹೇಳ್ಬೇಕು: ರಾಜೇಶ ಸರಿಯಾಗಿ ಕೇಳಿಸಿಕೊಂಡ, ತಪ್ಪು ಶಬ್ದ ಹೇಳಿದ್ದು ನಾನು. ಅಷ್ಟು ಹೇಳಿದ್ರೆ ನಾನು ಎಲ್ಲ ಮರೀತಿದ್ದೆ. ನಿಜ ಹೇಳ್ಬೇಕಾದ್ರೆ, ಅವ ಹೇಳ್ತಾನೆ ಅಂತ ಕಾಯ್ತಲೂ ಇದ್ದೆ. ಕನ್ನಡದಲ್ಲಿ ಜಗಳ ಆಡ್ಲಿಕ್ಕೂ ನನಗೆ ಇದ್ದದ್ದು ಅವ ಒಬ್ಬನೇ ಅಲ್ವಾ.

ಮೊನ್ನೆ ಬಂದ. ದುರ್ಗಾ ಪೂಜೆಯ ಗೌಜಿ ಮುಗಿದು ಊರು ಖಾಲಿ ಖಾಲಿ ಇತ್ತು. ಮಧ್ಯಾಹ್ನ, ಷಟರ್ ಅರ್ಧ ಎಳೆದಿತ್ತು, ನಾನು ಗಲ್ಲೆಯಲ್ಲಿ ಕೂತು ತೂಕಡಿಸ್ತಾ ಇದ್ದೆ. ಬಗ್ಗಿ ಒಳಗೆ ಬಂದ. ಗಡ್ಡ ಬಿಟ್ಟಿದ್ದ, ಮೈ ಇಳಿದಿತ್ತು, ಬೆನ್ನಿಗೆ ಅದೇ ಲ್ಯಾಪ್‌ಟಾಪ್ ಬ್ಯಾಗು.

"ಹೆಂಗಿದೀಯ ಮಗಾ?"

"ಉಂಟು ಹೀಗೆ," ಅಂದೆ.

ಅಮಿತನ ಜೊತೆ ಆಗ್ತಾ ಇಲ್ವಂತೆ. ಹಿಂದಿಯಲ್ಲಿ ಮಾತಾಡಿದ್ರೆ ಎದುರಿನವರಿಗೆಲ್ಲ ಅರ್ಥ ಆಗ್ತದಂತೆ. ಸೋಲಿನ ಮೇಲೆ ಸೋಲಂತೆ. "ಅವ್ನಿಗೆ ಮೂಡು ಪಡು ಹೇಳ್ಕೊಡೋಕ್ ಹೋದೆ, ನಗಾಡ್ತಾನೆ ನನ್ ಮಗ. ನಿನ್ ಕಿವಿ ಯಾರಿಗೂ ಇಲ್ಲ ಗುರು. ಆ ದಿನಾನೂ ನೀನು ಸರಿಯಾಗೇ ಹಿಡ್ದಿದ್ದೆ ಕಿಟಕೀನ. ನಂಗ್ ಗೊತ್ತು." ಕಣ್ಣು ತಪ್ಪಿಸದೆ ಹೇಳಿದ. "ನಾವಿಬ್ರೂ ಮತ್ತೆ ಆಡೋಣ. ತಂಡದವ್ರ ಹತ್ರ ಮಾತಾಡಿದೀನಿ. ಜನಾನೂ ನಿನ್ನೇ ಕೇಳ್ತಿದಾರೆ, ಆಚೆ ರಾಜೇಶ ಎಲ್ಲಿ ಅಂತ."

ನಂಗ್ ಗೊತ್ತು ಅಂದನಲ್ಲ! ಇಷ್ಟು ತಿಂಗಳು ಕ್ಯಾಮೆರಾ ಇಲ್ಲದ ಒಂದು ಹೋಟೆಲಿನಲ್ಲಿ ಹೇಳ್ಲಿಕ್ಕೆ ಇಟ್ಟುಕೊಂಡಿದ್ದನಾ ಅದನ್ನು?

"ಅದನ್ನೇ ಚಾನೆಲಿನಲ್ಲಿ ಹೇಳು," ಅಂದೆ. "ಈಗ ಹೇಳಿದೆಯಲ್ಲ, ಅಷ್ಟೇ. ತಪ್ಪು ಶಬ್ದ ನಾನು ಹೇಳಿದ್ದು ಅಂತ. ಹೇಳಿ ಬಾ, ನಾಳೆಯಿಂದ್ಲೇ ಕೂರುವ."

ಅವ ತಲೆ ಕೆರೆದುಕೊಂಡ. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು ಮಗಾ. ಅದನ್ನ ಹೇಳಿದ್ರೆ ಜೋಕೇ ಇರಲ್ಲ. ಆಚೆ ರಾಜೇಶ ಅಂತಾನೇ ನಿನ್ನ ಎಲ್ರೂ ಗುರುತು ಹಿಡಿಯೋದು ಈಗ. ಅದೇ ನಿನ್ ಬ್ರ್ಯಾಂಡು. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ನಾನು ಅವನನ್ನೇ ನೋಡಿದೆ. ಹಾರರ್ ಆಟದಲ್ಲಿ ಮುಖ ಬರ್ತದೆ ಅಂತ ಗೊತ್ತಿದ್ದೂ ಬೇಕಂತ ಕಿರುಚುವವ ಇವ. ನಿಜ ಯಾವುದು ಅಂತ ಇವನಿಗೆ ಗೊತ್ತಿಲ್ಲ ಅಂತಲ್ಲ, ಅದರಿಂದ ಇವನಿಗೆ ಉಪಯೋಗ ಇಲ್ಲ. ಸಿಟ್ಟು ಅಂಗಾಲಿಂದ ನೆತ್ತಿಗೆ ಏರಿತು.

"ಆಚೆ ಹೋಗು," ಅಂದೆ.

ಮೆತ್ತಗೇ ಹೇಳಿದೆ, ಅವನ ಭಾಷೆಯಲ್ಲೇ ಹೇಳಿದೆ, ತಪ್ಪು ತಿಳ್ಕೊಳ್ಳುವುದು ಬೇಡ ಅಂತ. ಬೆಂಗಳೂರಿನಲ್ಲಿ ಒಬ್ಬನನ್ನು ಬೀದಿಗೆ ಅಟ್ಟುವಾಗ ಹೇಗೆ ಹೇಳ್ತಾರೋ ಹಾಗೆ.

ಧ್ರುವನ ಮುಖ ಅರಳಿತು. "ನಂಗ್ ಗೊತ್ತಿತ್ತು ಮಗಾ, ನೀನು ಇಲ್ಲ ಅನ್ನಲ್ಲ ಅಂತ," ಅಂದವನೇ ಗಲ್ಲೆಯ ಪಕ್ಕದಿಂದ ನುಸುಳಿ ಕೋಣೆಯೊಳಗೆ ಹೋದ. ನೀಲಿ ಕುರ್ಚಿ ಎಳೆದ ಸದ್ದು, ಮೂಟೆಗೆ ಒರಗಿಸಿದ ಸದ್ದು, ಬ್ಯಾಗಿನ ಜಿಪ್ಪು. ಎಲ್ಲ ಸ್ಪಷ್ಟ ಕೇಳಿತು ನನಗೆ.

ನನ್ನ ಬೆಂಗಳೂರು ಕನ್ನಡವನ್ನು ಅವ ನಮ್ಮ ಮನೆಯ ಕನ್ನಡದಲ್ಲಿ ಕೇಳಿಸಿಕೊಂಡಿದ್ದ. ಅಷ್ಟು ಚಂದ ಕಲಿತಿದ್ದ. ಈ ಮನೆಯ ಬಾಗಿಲು ದಾಟಿದ ಕೂಡಲೇ ಆಚೆ ಅಂದ್ರೆ ಆ ಬದಿ ಅಂತ ಅವನ ಮೈಗೇ ಗೊತ್ತಿತ್ತು. ಆ ದಿನ ಸ್ಟೇಜಿನಲ್ಲಿ ಬರ್ಲಿಲ್ಲ, ಆಮೇಲೆ ವಿಡಿಯೋದಲ್ಲಿ ಬರ್ಲಿಲ್ಲ, ಈಗ ಬಂತು. ನನಗೆ ಅಳು ಬಂತು, ನಾಚಿಕೆ ಎಂತ ಅದರಲ್ಲಿ. ಒಂದು ಗಳಿಗೆ, ಇರ್ಲಿ ಬಿಡು, ಕೂತಿದ್ದಾನಲ್ಲ, ಹೋಗಿ ಪಕ್ಕದಲ್ಲಿ ಕೂರುವ ಅಂತಲೂ ಅನ್ನಿಸ್ತು. ಒಳಗಿಂದ ಅಮ್ಮನ ಸ್ವರ, "ಧ್ರುವ ಬಂದದ್ದಾ? ಇರು ಮಾರಾಯ, ಕಾಫಿ ಮಾಡ್ತೇನೆ. ಸೊರಗಿ ಹೋಗಿದ್ದಿಯಲ್ಲ!"

ನಾನು ಕೋಣೆಯ ಬಾಗಿಲಲ್ಲಿ ನಿಂತೆ. ಕಂಪ್ಯೂಟರಿನ ಬಟ್ಟೆ ತೆಗೆದು ಮಡಚಿ ಇಟ್ಟಿದ್ದ. ಹೆಡ್‌ಫೋನ್ ಕೊರಳಲ್ಲಿ. ಫೋನನ್ನು ಉದ್ದಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸ್ತಾ ಇದ್ದ, ಕ್ಯಾಮೆರಾಕ್ಕೆ ನಮ್ಮಿಬ್ಬರ ಕುರ್ಚಿಯೂ ಬರುವ ಹಾಗೆ. "ಬಾ ಮಗಾ, ಚಿಕ್ಕದೊಂದು ವಿಡಿಯೋ ಮಾಡಿ ಹಾಕ್ಬಿಡೋಣ. ಆಚೆ ರಾಜೇಶ ಈಸ್ ಬ್ಯಾಕ್ ಅಂತ."

"ಹೊರಗೆ," ಅಂದೆ.

ಅವ ತಿರುಗಿದ. ಇದೇ ಕೋಣೆಯಲ್ಲಿ ಅವನ ಅಮ್ಮನ ಮೇಲೆ ಆಣೆ ಹಾಕಿ ನಾವಿಬ್ಬರೂ ಒಪ್ಪಿಕೊಂಡ ಶಬ್ದ ಅದು. ಎರಡು ಊರಿನಲ್ಲೂ ಅದಕ್ಕೆ ಒಂದೇ ಅರ್ಥ.

"ಹೊರಗೆ ಹೋಗು ಧ್ರುವ."

ಈ ಸಲ ಸರಿಯಾಗಿ ಕೇಳಿಸ್ತು ಅವನಿಗೆ. ಹೆಡ್‌ಫೋನ್ ತೆಗೆದು ಇದ್ದ ಜಾಗದಲ್ಲೇ ಇಟ್ಟ. ಫೋನು ಜೇಬಿಗೆ ಹಾಕಿದ, ಬ್ಯಾಗು ಹೆಗಲಿಗೆ ಹಾಕಿದ. ನನ್ನನ್ನು ದಾಟಿ, ಷಟರ್ ಕೆಳಗೆ ಬಗ್ಗಿ, ಬಿಸಿಲಿಗೆ ಹೋದ.

ಅಮ್ಮ ಎರಡು ಲೋಟ ಕಾಫಿ ಹಿಡ್ಕೊಂಡು ಬಂದಳು. ಖಾಲಿ ಕುರ್ಚಿ ನೋಡಿದಳು, ಬಗ್ಗಿ ಫುಟ್‌ಪಾತ್ ನೋಡಿದಳು. "ಎಲ್ಲಿ ಅವ? ನೀನೂ ಆಚೆ ಹೋಗು ಅಂದಿಯಾ ಎಂತ?" ಅಂತ ನಗಾಡ್ತಾ ಕೇಳಿದಳು, ಆಮೇಲೆ ನನ್ನ ಮುಖ ನೋಡಿದಳು. ಲೋಟ ಎರಡನ್ನೂ ಗಲ್ಲೆಯ ಮೇಲಿಟ್ಟು ಒಳಗೆ ಹೋದಳು.

ಎರಡನ್ನೂ ನಾನೇ ಕುಡಿದೆ. ಅವನದ್ದಕ್ಕೆ ಸಕ್ಕರೆ ಹಾಕಿರ್ಲಿಲ್ಲ, ಅಮ್ಮ ನೆನಪಿಟ್ಟಿದ್ದಳು.